ಜಮೀನು ಕೊಂಡರೆ ಸಾಲದು, ಬೆನ್ನು ಹತ್ತಬೇಕು

ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ. ನಡುವೆ 89 ವರ್ಷ ಕಳೆದಿದ್ದವು. ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿದ ಈ ಅಣೆಕಟ್ಟೆಯ ಪೂರ್ಣ ಮಟ್ಟ 130 ಅಡಿ, ಸಾಮರ್ಥ್ಯ ಸುಮಾರು 30 ಟಿಎಂಸಿ. ಇಷ್ಟು ದೊಡ್ಡ ಜಲಾಶಯವನ್ನು ನಂಬಿ ಅಚ್ಚುಕಟ್ಟಿನಲ್ಲಿ ಜಮೀನು ಮಾಡಿದವರ ಮಕ್ಕಳು, ಮೊಮ್ಮಕ್ಕಳು ಕೆರೆ ತುಂಬಿದ್ದನ್ನು ನೋಡದೆಯೇ ಹೋದರು. ತುಂಬಿದ ದಿನ ಕೋಡಿ ನೋಡಲು ಜನ ಜಾತ್ರೆಯಂತೆ ಸೇರಿದರು. ಅದೇ ದಿನಗಳಲ್ಲಿ ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ಅಂಚಿನಲ್ಲಿ ತೋಟ, ಹೊಲ ಮಾಡಿಕೊಂಡಿದ್ದವರ ಬದುಕಿಗೆ ನೀರು ನುಗ್ಗಿತು. ಅಷ್ಟು ಎತ್ತರಕ್ಕೆ ನೀರು ಬರುವುದೇ ಇಲ್ಲ ಎಂದು ದಶಕಗಳಿಂದ ನಂಬಿದ್ದ ಜಾಗವದು.

ಚಿತ್ರದುರ್ಗ ಜಿಲ್ಲೆಯಲ್ಲಿ ನೆಲದ ಮೇಲೆ ಹಣ ಹಾಕುವವರು ಮೊದಲು ತಿಳಿಯಬೇಕಾದ ಪಾಠ ಇದರಲ್ಲಿದೆ. ಇಲ್ಲಿ ಒಳ್ಳೆಯದೂ ಕೆಟ್ಟದ್ದೂ ತಡವಾಗಿ ಬರುತ್ತವೆ. ಬಂದಾಗ ಯಾರ ಕಾಗದ ಸರಿಯಿದೆ, ಯಾರ ಗಡಿ ಗಟ್ಟಿಯಿದೆ, ಯಾರ ಕೈಯಲ್ಲಿ ಇನ್ನೂ ಕಾಸಿದೆ ಎಂಬುದರ ಮೇಲೆ ಲಾಭ ನಷ್ಟ ತೀರ್ಮಾನವಾಗುತ್ತದೆ.

ಬೆಂಗಳೂರಿನಿಂದ ಹೊರಟು ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹಿರಿಯೂರು ದಾಟಿ ಚಿತ್ರದುರ್ಗದತ್ತ ಬರುವಾಗ ಎರಡೂ ಬದಿ ಲೇಔಟ್‌ಗಳ ಫಲಕಗಳು ಸಾಲಾಗಿ ಕಾಣುತ್ತವೆ. ಹೊಳಲ್ಕೆರೆ, ಹೊಸದುರ್ಗದ ರಸ್ತೆಗಳಲ್ಲಿ ಅಡಿಕೆ ತೋಟ, ತೆಂಗಿನ ತೋಟ, ಗುಂಟೆ ಲೆಕ್ಕದ ಫಾರ್ಮ್ ಪ್ಲಾಟ್‌ಗಳ ಮಾತು. ಎಲ್ಲ ಕಡೆಯೂ ದಲ್ಲಾಳಿಯ ಬಾಯಲ್ಲಿ ಬರುವ ಮಾತು ಒಂದೇ: ‘ಭದ್ರಾ ನೀರು ಬರುತ್ತೆ, ರೈಲು ಬರುತ್ತೆ, ತಗೊಂಡು ಬಿಟ್ಬಿಡಿ ಸಾರ್, ಹತ್ತು ವರ್ಷ ಆದ್ಮೇಲೆ ನೋಡಿ.’ ತಾಳಿದವನು ಬಾಳಿಯಾನು ಎಂಬ ಗಾದೆ ಅದಕ್ಕೆ ಬೆಂಬಲವಾಗಿ ಬರುತ್ತದೆ. ತಾಳ್ಮೆ ಬೇಕು ಎನ್ನುವುದು ನಿಜ. ಆದರೆ ‘ತಗೊಂಡು ಬಿಟ್ಬಿಡಿ’ ಎಂಬ ಸಲಹೆ ಅಪಾಯಕಾರಿ. ನೆಲ ಕೊಂಡು ಬಿಟ್ಟುಬಿಟ್ಟವರು ಕಳೆದುಕೊಂಡಿದ್ದಾರೆ. ಕೊಂಡು ಬೆನ್ನು ಹತ್ತಿದವರು ಉಳಿಸಿಕೊಂಡಿದ್ದಾರೆ. ಈ ವ್ಯವಹಾರದಲ್ಲಿ ಛಲ ಎಂದರೆ ಸುಮ್ಮನೆ ಕೂತು ಕಾಯುವುದಲ್ಲ, ಕಾಯುವ ಅಷ್ಟೂ ಕಾಲ ಮಾಡಬೇಕಾದ ಕೆಲಸವನ್ನು ಬಿಡದೆ ಮಾಡುವುದು.

ಯೋಜನೆ ನಿಜ, ದಿನಾಂಕ ನಿಜವಲ್ಲ

ಭದ್ರಾ ಮೇಲ್ದಂಡೆಯನ್ನೇ ನೋಡಿ. ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರ್‌ಗೆ ಹನಿ ನೀರಾವರಿ ಒದಗಿಸುವ, 367 ಕೆರೆಗಳನ್ನು ತುಂಬಿಸುವ ಯೋಜನೆ ಇದು. ಇದಕ್ಕಾಗಿ ಇಲ್ಲಿನ ರೈತರು ಧರಣಿ ಕೂತಿದ್ದಾರೆ, ಬಂದ್ ಮಾಡಿದ್ದಾರೆ, ತಲೆಮಾರು ದಾಟಿ ಹೋರಾಟ ನಡೆಸಿದ್ದಾರೆ. 2019ರಿಂದ ಭದ್ರಾ ನೀರು ಅಜ್ಜಂಪುರದ ಸುರಂಗ ದಾಟಿ, ಹಳ್ಳಗಳಲ್ಲಿ ಹರಿದು, ವೇದಾವತಿ ಸೇರಿ ವಾಣಿವಿಲಾಸಕ್ಕೆ ಬರತೊಡಗಿತು. 2022ರ ಮಳೆಗೆ ಕೆರೆ ಕೋಡಿ ಬೀಳಲು, 2025ರ ಜನವರಿಯಲ್ಲಿ ಮತ್ತೆ ತುಂಬಿ ಹರಿಯಲು ಈ ನೀರಿನ ಪಾಲೂ ಇದೆ. 2023ರ ಫೆಬ್ರುವರಿಯ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿಯ ನೆರವು ಘೋಷಣೆಯಾಯಿತು. ಆ ಹಣ ಕೈಸೇರಿಲ್ಲ ಎಂದು ರಾಜ್ಯ ಸರ್ಕಾರ ಆಮೇಲೆ ವರ್ಷಗಟ್ಟಲೆ ದೂರುತ್ತ ಬಂತು. ಚಿಕ್ಕಮಗಳೂರು ಜಿಲ್ಲೆಯ ಅಬ್ಬಿನಹೊಳಲು ಬಳಿ ಪರಿಹಾರದ ತಕರಾರಿನಿಂದ ನಾಲೆಯ ಸಣ್ಣ ತುಣುಕೊಂದು ನಿಂತು, ಅದರ ಮುಂದಿನ ದೊಡ್ಡ ಭಾಗ ಕಾಯಬೇಕಾಯಿತು.

ರೈಲಿನ ಕಥೆಯೂ ಇದೇ. ಶಿರಾ, ಹಿರಿಯೂರು, ಚಿತ್ರದುರ್ಗದ ಮೇಲೆ ಹಾದುಹೋಗುವ ಸುಮಾರು 191 ಕಿ.ಮೀ. ಉದ್ದದ ತುಮಕೂರು–ದಾವಣಗೆರೆ ನೇರ ಮಾರ್ಗಕ್ಕೆ ಒಪ್ಪಿಗೆ ಸಿಕ್ಕಿದ್ದು 2011–12ರ ರೈಲ್ವೆ ಬಜೆಟ್‌ನಲ್ಲಿ. ಈಗ ಬೆಂಗಳೂರಿಗೆ ರೈಲಿನಲ್ಲಿ ಹೋಗಬೇಕಾದ ಚಿತ್ರದುರ್ಗದವರು ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರು ಜಂಕ್ಷನ್ ಸುತ್ತಿ ಹೋಗಬೇಕು. ನೇರ ಮಾರ್ಗ ಬಂದರೆ ಈ ಭಾಗದ ನಕ್ಷೆಯೇ ಬದಲಾಗುತ್ತದೆ, ಸಂಶಯವಿಲ್ಲ. ಆದರೆ ಭೂಸ್ವಾಧೀನಕ್ಕೇ ದಶಕ ದಾಟಿತು. 2012ರಲ್ಲಿ ಸಾಲ ಮಾಡಿ ‘ಸ್ಟೇಷನ್ ಪಕ್ಕ’ ಸೈಟು ಕೊಂಡವರು ರೈಲು ನೋಡುವ ಮೊದಲು ಸಾಲದ ಕಂತು ಕಟ್ಟಿ ಮುಗಿಸಿದರು.

ಇಂಥ ಯೋಜನೆ ನಂಬಿ ನೆಲ ಕೊಳ್ಳುವುದು ತಪ್ಪಲ್ಲ. ಆದರೆ ಮೂರು ಮಾತು ನೆನಪಿರಬೇಕು. ಒಂದು, ಘೋಷಣೆಯಾದ ದಿನವೇ ದರದಲ್ಲಿ ಮುಂದಿನ ಕೆಲವು ವರ್ಷದ ಆಸೆ ಸೇರಿಬಿಡುತ್ತದೆ. ಆ ದರಕ್ಕೆ ಕೊಂಡವರು ಯೋಜನೆ ಮುಗಿಯುವವರೆಗೆ ಕಾದರೂ ಸಿಗುವುದು ಮಾರಿದವರು ಉಳಿಸಿಹೋದ ಲಾಭ ಮಾತ್ರ. ಎರಡು, ಯೋಜನೆ ಬಂದರೂ ನಿಮ್ಮ ಸರ್ವೆ ನಂಬರಿಗೆ ಬಂತೇ ಎಂಬುದೇ ಬೇರೆ ಪ್ರಶ್ನೆ. ನಾಲೆ ಎರಡು ಊರಿನಾಚೆ ತಿರುಗಬಹುದು. ಹೆದ್ದಾರಿಗೆ ಅಂಟಿದ ಜಮೀನು ಎಂದ ಮಾತ್ರಕ್ಕೆ ಹೆದ್ದಾರಿಗೆ ದಾರಿ ಸಿಗುವುದಿಲ್ಲ, ಅದಕ್ಕೆ ಪ್ರಾಧಿಕಾರದ ಅನುಮತಿ ಬೇಕು. ಬೈಪಾಸ್ ಆದ ಮೇಲೆ ಊರೊಳಗಿನ ಹಳೇ ರಸ್ತೆಯ ಹೋಟೆಲು, ಅಂಗಡಿಗಳು ಗಿರಾಕಿ ಕಳೆದುಕೊಳ್ಳುವುದನ್ನು ಹೆದ್ದಾರಿ ಹಾದುಹೋದ ಊರುಗಳೆಲ್ಲ ನೋಡಿವೆ. ಮೂರು, ಯೋಜನೆ ನಿಮ್ಮ ನೆಲದ ಮೇಲೆಯೇ ಬಂದರೆ ನಿಮಗೆ ಸಿಗುವುದು ನೆಲವಲ್ಲ, ಪರಿಹಾರ. ಆ ಪರಿಹಾರ ದಾಖಲೆಯಲ್ಲಿ ಹೆಸರಿದ್ದವರ ಕೈಗೆ ಹೋಗುತ್ತದೆ. 2013ರ ಭೂಸ್ವಾಧೀನ ಕಾಯ್ದೆಯಂತೆ ಪರಿಹಾರದ ಲೆಕ್ಕ ಹಾಕುವಾಗ ಸರ್ಕಾರಿ ಮಾರ್ಗಸೂಚಿ ದರ ಮತ್ತು ಸುತ್ತಲಿನ ಕ್ರಯಪತ್ರಗಳಲ್ಲಿ ಬರೆದ ದರ ನೋಡುತ್ತಾರೆ. ಮುದ್ರಾಂಕ ಶುಲ್ಕ ಉಳಿಸಲು ಇಡೀ ಊರು ಕ್ರಯಪತ್ರದಲ್ಲಿ ಕಡಿಮೆ ಮೊತ್ತ ಬರೆಸುತ್ತ ಬಂದಿದ್ದರೆ, ಆ ಉಳಿತಾಯ ಪರಿಹಾರದ ದಿನ ಎಲ್ಲರ ಕುತ್ತಿಗೆಗೆ ಬರುತ್ತದೆ.

ಕೊಳ್ಳುವ ಮೊದಲಿನ ಓಡಾಟ

ನೆಲದ ವ್ಯವಹಾರದಲ್ಲಿ ಛಲದ ಅರ್ಧ ಭಾಗ ಹಣ ಕೊಡುವ ಮೊದಲೇ ಖರ್ಚಾಗಬೇಕು. ಒಂದು ಪಹಣಿಯನ್ನು ಎದುರಿಗಿಟ್ಟುಕೊಂಡು ನೋಡೋಣ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಪಹಣಿಗಳೆಲ್ಲ ಕಂಪ್ಯೂಟರಿಗೆ ಬಂದ ಮೇಲೆ, ಇದನ್ನು ಮನೆಯಲ್ಲೇ ಕೂತು ತೆಗೆಯಬಹುದು. ಮೂರನೇ ಕಾಲಂನಲ್ಲಿ ಒಟ್ಟು ವಿಸ್ತೀರ್ಣ, ಅದರಲ್ಲಿ ಖರಾಬು ಎಷ್ಟು ಎಂದಿರುತ್ತದೆ. ‘ಎ’ ಖರಾಬು ಸಾಗುವಳಿಗೆ ಒದಗದ ನೆಲ. ‘ಬಿ’ ಖರಾಬು ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ನೆಲ, ಅದನ್ನು ಯಾರೂ ಮಾರುವಂತಿಲ್ಲ. ಒಂಬತ್ತನೇ ಕಾಲಂನಲ್ಲಿ ಮಾಲೀಕರ ಹೆಸರು, ಪಾಲು. ಹತ್ತನೆಯದರಲ್ಲಿ ಆ ಹೆಸರು ಹೇಗೆ ಬಂತು ಎಂಬುದು: ಕ್ರಯವೋ, ಪೌತಿಯೋ, ವಿಭಾಗವೋ, ಮಂಜೂರಾತಿಯೋ, ಅದರ ಎಂ.ಆರ್. (ಮ್ಯುಟೇಷನ್) ಸಂಖ್ಯೆ ಯಾವುದು. ಹನ್ನೊಂದನೆಯದರಲ್ಲಿ ಋಣ: ಬ್ಯಾಂಕಿನ ಸಾಲ, ಕೋರ್ಟಿನ ತಡೆಯಾಜ್ಞೆ. ಹನ್ನೆರಡನೆಯದರಲ್ಲಿ ಉಳುಮೆ ಮಾಡುತ್ತಿರುವವರು, ಬೆಳೆ.

ಹೆಚ್ಚಿನವರು ಒಂಬತ್ತನೇ ಕಾಲಂ ನೋಡಿ ತೃಪ್ತರಾಗುತ್ತಾರೆ. ನೋಡಬೇಕಾದ್ದು ಹತ್ತನೆಯದು. ಅಲ್ಲಿರುವ ಎಂ.ಆರ್. ಸಂಖ್ಯೆ ಹಿಡಿದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಹೋದರೆ ಹಿಂದಿನ ಹೆಸರು ಸಿಗುತ್ತದೆ, ಅಲ್ಲಿಂದ ಅದರ ಹಿಂದಿನದು. ಕಂಪ್ಯೂಟರಿಗೆ ಮುಂಚಿನ ಕೈಬರಹದ ಪಹಣಿ, ಆಕಾರ್‌ಬಂದ್, ಟಿಪ್ಪಣಿ, ಹಳೇ ಇಂಡೆಕ್ಸ್ ಎಲ್ಲವನ್ನೂ ಅರ್ಜಿ ಹಾಕಿ, ನಕಲು ಪಡೆದು ಜೋಡಿಸಬೇಕು. ಒಂದು ದಿನ ಗುಮಾಸ್ತರು ರಜೆ, ಇನ್ನೊಂದು ದಿನ ಸರ್ವರ್ ಡೌನ್, ಮತ್ತೊಂದು ದಿನ ಹಳೇ ಪುಸ್ತಕ ಸಿಗುತ್ತಿಲ್ಲ. ಅಲ್ಲಿಗೆ ಬಿಟ್ಟು ‘ಎಲ್ಲ ಸರಿಯಿದೆ’ ಎಂಬ ದಲ್ಲಾಳಿಯ ಮಾತು ನಂಬುವವರೇ ಮುಂದೆ ವಕೀಲರ ಮನೆಯ ಮೆಟ್ಟಿಲು ಹತ್ತುವುದು.

ಈ ಓಡಾಟಕ್ಕೆ ಚಿತ್ರದುರ್ಗದಲ್ಲಿ ಇನ್ನೊಂದು ದೊಡ್ಡ ಕಾರಣವಿದೆ. ಪರಿಶಿಷ್ಟ ಜಾತಿ, ಪಂಗಡದವರ ಪ್ರಮಾಣ ಹೆಚ್ಚಿರುವ ಜಿಲ್ಲೆ ಇದು. ಸರ್ಕಾರ ಅವರಿಗೆ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಪರಭಾರೆ ಮಾಡುವಂತಿಲ್ಲ ಎನ್ನುತ್ತದೆ 1978ರ ಪಿಟಿಸಿಎಲ್ ಕಾಯ್ದೆ. ಹಾಗೆ ಕೊಂಡ ಜಮೀನು ಮೂಲ ಮಂಜೂರಾತಿದಾರರಿಗೋ ಅವರ ವಾರಸುದಾರರಿಗೋ ವಾಪಸು ಹೋಗುತ್ತದೆ, ಕೊಂಡವರಿಗೆ ಹಣವೂ ಸಿಗುವುದಿಲ್ಲ. ಬಹಳ ತಡವಾಗಿ ಹಾಕಿದ ಅರ್ಜಿಯನ್ನು ಪುರಸ್ಕರಿಸುವಂತಿಲ್ಲ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಬಳಿಕ ಹಲವು ಬಡ ಕುಟುಂಬಗಳ ಅರ್ಜಿಗಳು ಬಿದ್ದುಹೋದವು. ದಲಿತ ಸಂಘಟನೆಗಳು ಪಟ್ಟು ಬಿಡದೆ ಹೋರಾಡಿದವು. 2023ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದು, ಅರ್ಜಿ ಹಾಕಲು ಕಾಲಮಿತಿ ಇಲ್ಲ ಎಂದಾಯಿತು. ಮೋಸ ಹೋಗಿ, ಸಾಲಕ್ಕೆ ಸಿಕ್ಕಿ, ಹೆಬ್ಬೆಟ್ಟು ಒತ್ತಿ ನೆಲ ಕಳೆದುಕೊಂಡ ಕುಟುಂಬಗಳ ಪಾಲಿಗೆ ಇದು ನ್ಯಾಯ. ಕೊಳ್ಳುವವರು ಇದನ್ನು ತೊಡಕು ಎಂದುಕೊಳ್ಳಬಾರದು. ಹತ್ತನೇ ಕಾಲಂನಲ್ಲಿ, ಅದರ ಹಿಂದಿನ ದಾಖಲೆಯಲ್ಲಿ ಮಂಜೂರಾತಿಯ ಸುಳಿವು ಕಂಡರೆ ದರಖಾಸ್ತು ಕಡತ ತೆಗೆಸಿ ನೋಡಬೇಕು. ಮಂಜೂರಾಗದ ಗೋಮಾಳ, ಬಗರ್‌ಹುಕುಂ ಅರ್ಜಿ ಇನ್ನೂ ಬಾಕಿಯಿರುವ ಸಾಗುವಳಿ ಜಮೀನುಗಳನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಮುಟ್ಟಬಾರದು. ಅವು ಮಾರುವವರ ಸ್ವತ್ತೇ ಅಲ್ಲ.

ಹೆಣ್ಣುಮಕ್ಕಳ ಪಾಲಿನ ವಿಚಾರವೂ ಹೀಗೆಯೇ. ಕರ್ನಾಟಕ 1994ರಲ್ಲೇ, ಇಡೀ ದೇಶ 2005ರಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟವು. ಅಪ್ಪ ಆ ವೇಳೆಗೆ ಬದುಕಿರಬೇಕಿತ್ತೇ ಎಂಬ ಗೊಂದಲವನ್ನು 2020ರಲ್ಲಿ ಸುಪ್ರೀಂ ಕೋರ್ಟ್ ಬಗೆಹರಿಸಿತು, ಬದುಕಿರಬೇಕಿಲ್ಲ ಎಂದಿತು. ಇಷ್ಟಾದರೂ ವಂಶವೃಕ್ಷದಲ್ಲಿ ಅಕ್ಕ ತಂಗಿಯರ ಹೆಸರು ಬಿಟ್ಟು, ಅಣ್ಣ ತಮ್ಮಂದಿರ ಸಹಿ ಮಾತ್ರ ಹಾಕಿಸಿ ಕ್ರಯ ಮಾಡುವುದು ನಿಂತಿಲ್ಲ. ಆ ಹೆಣ್ಣುಮಗಳು ಮುಂದೊಂದು ದಿನ ಕೋರ್ಟಿಗೆ ಬಂದರೆ ಅವಳ ಪರವಾಗಿ ಕಾನೂನಿದೆ. ನಿಮ್ಮ ಕ್ರಯಪತ್ರ ಗಟ್ಟಿಯಾಗಬೇಕೆಂದರೆ ಅವಳ ಮನೆಗೂ ಹೋಗಿ, ಮಾತಾಡಿ, ಅವಳ ಪಾಲಿನ ಹಣ ಅವಳಿಗೇ ಮುಟ್ಟಿಸಿ, ಸಹಿ ಪಡೆಯಬೇಕು. ಇದು ಕಾನೂನಿನ ಜಾಣತನವೂ ಹೌದು, ಮನುಷ್ಯರಾದವರು ಮಾಡಬೇಕಾದ ಕೆಲಸವೂ ಹೌದು.

ಲೇಔಟಿನ ಸೈಟಾದರೆ ಪ್ರಶ್ನೆಗಳು ಬೇರೆ. ಕೃಷಿ ಜಮೀನನ್ನು ಕೃಷಿಯೇತರವಾಗಿ ಪರಿವರ್ತಿಸಿದ ಆದೇಶ ಎಲ್ಲಿ? ನಗರಾಭಿವೃದ್ಧಿ ಪ್ರಾಧಿಕಾರ ಅಥವಾ ನಗರ ಯೋಜನಾ ಇಲಾಖೆ ಒಪ್ಪಿದ ನಕ್ಷೆ ಎಲ್ಲಿ? ಉದ್ಯಾನ, ರಸ್ತೆಯನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟ ಪತ್ರ ಎಲ್ಲಿ? ಲೇಔಟ್ 500 ಚದರ ಮೀಟರ್ ದಾಟಿದ್ದರೆ ರೇರಾ ನೋಂದಣಿ ಸಂಖ್ಯೆ ಎಲ್ಲಿ? ಈ ನಾಲ್ಕು ಕಾಗದ ಕೇಳಿದಾಗ ಮುಖ ಗಂಟಿಕ್ಕುವವರ ಹತ್ತಿರ ವ್ಯವಹಾರ ಬೇಡ. ‘ಕನ್ವರ್ಷನ್ ಆಗ್ತಾ ಇದೆ’ ಎಂಬ ಮಾತಿಗೆ ಮುಂಗಡ ಕೊಡಬೇಡಿ. ಜಿಪಿಎ (ಸಾಮಾನ್ಯ ಅಧಿಕಾರಪತ್ರ) ಮೇಲೆ ಮಾಡಿದ ಮಾರಾಟದಿಂದ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟಪಡಿಸಿದೆ.

ಕೊಂಡ ಮೇಲಿನ ಕೆಲಸ

ನೋಂದಣಿಯಾದ ದಿನ ಸಿಹಿ ಹಂಚಿ, ಕ್ರಯಪತ್ರವನ್ನು ಬೀರುವಿನಲ್ಲಿಟ್ಟು ಮರೆತವರ ಸೈಟೊಂದು ಹತ್ತು ವರ್ಷದ ಮೇಲೆ ಹೇಗಿರುತ್ತದೆ ನೋಡಿ. ಬಳ್ಳಾರಿ ಜಾಲಿ ಆಳೆತ್ತರ ಬೆಳೆದಿದೆ. ನಾಲ್ಕು ಮೂಲೆಯ ಕಲ್ಲುಗಳಲ್ಲಿ ಎರಡು ಕಾಣುವುದಿಲ್ಲ, ಒಂದು ಪಕ್ಕದ ಮನೆಯ ಮೆಟ್ಟಿಲಾಗಿದೆ. ನಕ್ಷೆಯಲ್ಲಿದ್ದ 30 ಅಡಿ ರಸ್ತೆಯ ಜಾಗದಲ್ಲಿ ಯಾರೋ ಹುಲ್ಲಿನ ಬಣವೆ ಹಾಕಿದ್ದಾರೆ. ಸೈಟಿನ ಒಂದು ಬದಿಯಲ್ಲಿ ಹಸು ಕಟ್ಟುವ ಗೂಟ, ಇನ್ನೊಂದು ಬದಿಯಲ್ಲಿ ಕಟ್ಟಡದ ಮಣ್ಣು. ಖಾತೆ ಇನ್ನೂ ಹಳೇ ಮಾಲೀಕರ ಹೆಸರಿನಲ್ಲಿದೆ, ಕಂದಾಯವನ್ನು ಯಾರೂ ಕಟ್ಟಿಲ್ಲ. ಇ-ಖಾತೆ ಇಲ್ಲದೆ ನೋಂದಣಿ ಇಲ್ಲ ಎಂಬ ನಿಯಮ ಬಂದಿರುವ ಈ ದಿನಗಳಲ್ಲಿ ಮಾರಲು ಹೊರಟರೂ ಆಗುವುದಿಲ್ಲ. ಬೇರೆಯವರ ಸ್ವಾಧೀನವನ್ನು ಹನ್ನೆರಡು ವರ್ಷ ಪ್ರಶ್ನಿಸದೆ ಬಿಟ್ಟರೆ ಅದರ ಮೇಲೆ ಅವರು ಹಕ್ಕು ಕೇಳಲು ಕಾನೂನಿನಲ್ಲಿ ದಾರಿಯಿದೆ.

ಇದನ್ನು ತಪ್ಪಿಸಲು ಬೇಕಾದ್ದು ದೊಡ್ಡ ಹಣವಲ್ಲ, ವಾರ್ಷಿಕ ಶಿಸ್ತು. ಕ್ರಯವಾದ ಕೂಡಲೇ ಮ್ಯುಟೇಷನ್ ಆಯಿತೇ ಎಂದು ಬೆನ್ನು ಹತ್ತಿ, ಪಹಣಿಯಲ್ಲಿ ಅಥವಾ ಖಾತೆಯಲ್ಲಿ ಹೆಸರು ಬಂದ ಪ್ರತಿಯನ್ನು ಕೈಗೆ ತೆಗೆದುಕೊಳ್ಳಬೇಕು. ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಂಡಿದ್ದರೆ 11ಇ ನಕ್ಷೆಯಂತೆ ಪೋಡಿ ಮಾಡಿಸಿ, ಪ್ರತ್ಯೇಕ ಹಿಸ್ಸಾ ಸಂಖ್ಯೆ ಪಡೆಯಬೇಕು. ಒಂದೇ ಪಹಣಿಯಲ್ಲಿ ಎಂಟು ಹತ್ತು ಹೆಸರು ಉಳಿದರೆ ಸಾಲವೂ ಸಿಗದು, ಮಾರಾಟವೂ ಸಲೀಸಾಗದು. ಹದ್ದುಬಸ್ತಿಗೆ ಅರ್ಜಿ ಹಾಕಿ, ಅಕ್ಕಪಕ್ಕದವರಿಗೆ ನೋಟಿಸ್ ಹೋದ ಮೇಲೆ ಅವರ ಎದುರಿಗೇ ಕಲ್ಲು ನೆಡಿಸಬೇಕು. ಪಕ್ಕದ ಹೊಲದವರು ಸಹಿ ಹಾಕಿದ ಅಳತೆ, ಮುಂದೆ ಹಾಕಿಸುವ ತಂತಿ ಬೇಲಿಗಿಂತ ಗಟ್ಟಿ. ವರ್ಷಕ್ಕೊಮ್ಮೆ ಕಂದಾಯ ಕಟ್ಟಿ ರಸೀದಿ ಇಟ್ಟುಕೊಳ್ಳಬೇಕು, ಋಣಭಾರ ಪತ್ರ ತೆಗೆದು ನಿಮಗೆ ಗೊತ್ತಿಲ್ಲದ ವ್ಯವಹಾರ ಅದರಲ್ಲಿ ಸೇರಿದೆಯೇ ನೋಡಬೇಕು. ಪಹಣಿಗೆ ಆಧಾರ್ ಜೋಡಿಸಬೇಕು. ಮುಖ್ಯವಾಗಿ, ಮಳೆಗಾಲದಲ್ಲೊಮ್ಮೆ ಬೇಸಿಗೆಯಲ್ಲೊಮ್ಮೆ ಕಾಲಿಟ್ಟು ನೋಡಬೇಕು. ಬೇಸಿಗೆಯಲ್ಲಿ ಸಮತಟ್ಟಾಗಿ ಕಾಣುವ ಜಾಗದಲ್ಲಿ ಹಳ್ಳ ಹರಿಯುತ್ತದೋ ಇಲ್ಲವೋ ಮಳೆಗಾಲವೇ ಹೇಳುತ್ತದೆ. ದೂರದೂರಿನಲ್ಲಿರುವವರು ಪಕ್ಕದ ರೈತರ ನೆರವಿನಿಂದ ಬಿತ್ತನೆ ಮಾಡಿಸಬಹುದು. ನೆಲ ಪಾಳು ಬೀಳುವುದಿಲ್ಲ, ಅವರ ಮನೆಗೂ ಒಂದಿಷ್ಟು ರಾಗಿ, ಶೇಂಗಾ ಬರುತ್ತದೆ.

ಲೆಕ್ಕ ಹಾಕಿ ಕಾಯಿರಿ

ಜಮೀನಿನ ದರ ಇಳಿಯುವುದೇ ಇಲ್ಲ ಎಂಬ ನಂಬಿಕೆ ಜನರಲ್ಲಿ ಬೇರೂರಿದೆ. ಲೆಕ್ಕ ಬೇರೆಯೇ ಹೇಳುತ್ತದೆ. 5 ಲಕ್ಷ ರೂಪಾಯಿಯ ಸೈಟು ಕೊಂಡಿರಿ ಎಂದಿಟ್ಟುಕೊಳ್ಳಿ. ಮುದ್ರಾಂಕ ಶುಲ್ಕ ಶೇ 5, 2025ರ ಆಗಸ್ಟ್ 31ರಿಂದ ಏರಿದ ನೋಂದಣಿ ಶುಲ್ಕ ಶೇ 2, ಸೆಸ್ಸು ಸರ್ಚಾರ್ಜು ಸೇರಿದರೆ ಹತ್ತಿರ ಹತ್ತಿರ 38 ಸಾವಿರ. ಒಟ್ಟು 5.38 ಲಕ್ಷ. ಇದೇ ಹಣ ಶೇ 7ರ ಚಕ್ರಬಡ್ಡಿಯಲ್ಲಿ ಠೇವಣಿಯಾಗಿದ್ದರೆ 15 ವರ್ಷಕ್ಕೆ ಸುಮಾರು 14.8 ಲಕ್ಷವಾಗುತ್ತದೆ. ಅಂದರೆ ಹದಿನೈದು ವರ್ಷದ ಮೇಲೆ ಸೈಟು 15 ಲಕ್ಷಕ್ಕೆ ಹೋಯಿತು, ಮೂರು ಪಟ್ಟಾಯಿತು ಎಂದು ಸಂಭ್ರಮಿಸಿದರೂ, ಠೇವಣಿಗಿಂತ ನೀವು ಮುಂದೆ ಹೋಗಿದ್ದು ಅತ್ಯಲ್ಪ. ಮೇಲೆ ಕಂದಾಯ, ಓಡಾಟ, ದಲ್ಲಾಳಿ ಕಮಿಷನ್, ತೆರಿಗೆ ಬೇರೆ. ಶೇ 9–10ರ ಬಡ್ಡಿಗೆ ಸಾಲ ಮಾಡಿ ಕೊಂಡಿದ್ದರೆ ಅದು ಬರೀ ನಷ್ಟ. ಮನೆ ಕಟ್ಟಲು, ಬೇಸಾಯ ಮಾಡಲು, ಅಂಗಡಿ ಹಾಕಲು ಕೊಂಡ ನೆಲ ಪ್ರತಿ ವರ್ಷ ಏನಾದರೂ ಕೊಡುತ್ತಿರುತ್ತದೆ. ಖಾಲಿ ನೆಲ ದರ ಏರಿದರೆ ಮಾತ್ರ ಕೊಡುತ್ತದೆ.

ತೆರಿಗೆಯಲ್ಲೂ ಊರಿಂದ ಊರಿಗೆ ವ್ಯತ್ಯಾಸವಿದೆ. ಗ್ರಾಮೀಣ ಕೃಷಿ ಜಮೀನು ಮಾರಿದರೆ ಬಂಡವಾಳ ಗಳಿಕೆ ತೆರಿಗೆ ಇಲ್ಲ. ಆದರೆ ಜನಸಂಖ್ಯೆ ಹತ್ತು ಸಾವಿರದಿಂದ ಒಂದು ಲಕ್ಷದವರೆಗಿನ ಪಟ್ಟಣಗಳ ಎಲ್ಲೆಯಿಂದ 2 ಕಿ.ಮೀ., ಒಂದು ಲಕ್ಷ ದಾಟಿ ಹತ್ತು ಲಕ್ಷದವರೆಗಿನ ನಗರಗಳ ಎಲ್ಲೆಯಿಂದ 6 ಕಿ.ಮೀ. ಒಳಗಿನ ಕೃಷಿ ಜಮೀನು ಈ ವಿನಾಯಿತಿಗೆ ಬರುವುದಿಲ್ಲ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಮೊದಲ ಗುಂಪಿನವು. ಚಿತ್ರದುರ್ಗ ನಗರ ಎರಡನೆಯದು. ಒಂದೇ ಬಗೆಯ ಹೊಲ, ಹೊಳಲ್ಕೆರೆಯಿಂದ ನಾಲ್ಕು ಕಿಲೋಮೀಟರ್ ದೂರದಲ್ಲಿದ್ದರೆ ತೆರಿಗೆ ಇಲ್ಲ, ಚಿತ್ರದುರ್ಗದಿಂದ ಅಷ್ಟೇ ದೂರದಲ್ಲಿದ್ದರೆ ಇದೆ.

ಕಾಯುವ ಶಕ್ತಿ ಬರುವುದು ಮನಸ್ಸಿನ ಗಟ್ಟಿತನದಿಂದ ಅಲ್ಲ, ಕೈಯಲ್ಲಿ ಉಳಿಸಿಕೊಂಡ ಹಣದಿಂದ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಅಂಥ ವರ್ಷ ಮಗಳ ಮದುವೆ, ಅಪ್ಪನ ಆಪರೇಷನ್, ಮಗನ ಕಾಲೇಜು ಫೀಸು ಎದುರಾದವರು ಸಿಕ್ಕ ದರಕ್ಕೆ ನೆಲ ಕೊಡಬೇಕಾಗುತ್ತದೆ. ಮಾರುವವರು ಹೆಚ್ಚು, ಕೊಳ್ಳುವವರು ಕಡಿಮೆ ಇರುವ ಕಾಲ ಅದು. ಇರುವ ಹಣವನ್ನೆಲ್ಲ ನೆಲಕ್ಕೆ ಸುರಿದವರ ಛಲ ಮೊದಲ ಬರಕ್ಕೇ ಮುರಿಯುತ್ತದೆ. ಒಂದೆರಡು ವರ್ಷದ ಮನೆಖರ್ಚು ಪಕ್ಕಕ್ಕಿಟ್ಟು, ಉಳಿದದ್ದರಲ್ಲಿ ಚಿಕ್ಕ ನೆಲ ಕೊಂಡವರು ಬರವನ್ನೂ ದಾಟಿ ಕಾಯಬಲ್ಲರು.

ಯಾವಾಗ ಬಿಡಬೇಕು

ಛಲಕ್ಕೂ ಹಠಕ್ಕೂ ಇರುವ ವ್ಯತ್ಯಾಸವನ್ನು ಈ ಜಿಲ್ಲೆ ಬೋರ್‌ವೆಲ್‌ಗಳ ಮೂಲಕ ಕಲಿತಿದೆ. ಅಡಿಕೆ ತೋಟ ಫಲಕ್ಕೆ ಬರಲು ಐದಾರು ವರ್ಷ ಬೇಕು. ಅಷ್ಟರಲ್ಲಿ ಬೋರು ಬತ್ತುತ್ತದೆ. ಗಿಡ ಉಳಿಸಲು ಇನ್ನೊಂದು ಕೊರೆಸುತ್ತಾರೆ, ಅದೂ ಬತ್ತಿದರೆ ಮತ್ತೊಂದು, ಇನ್ನೂ ಆಳಕ್ಕೆ. ಟ್ಯಾಂಕರ್ ನೀರು ಹಾಕಿ ತೋಟ ಉಳಿಸಿಕೊಂಡವರ ಶ್ರಮಕ್ಕೆ ಕೈಮುಗಿಯಬೇಕು. ಆದರೆ ಕೊರೆಸಿದ ಖರ್ಚು ತೋಟದ ಬೆಲೆಯನ್ನೇ ದಾಟಿದ, ಬಡ್ಡಿ ಸಾಲಕ್ಕೆ ಹೊಲವೇ ಹೋದ ಮನೆಗಳೂ ಇಲ್ಲಿವೆ. ಇಷ್ಟು ಹಾಕಿದ್ದೇವೆ, ಇನ್ನೊಂದು ಸಲ ಎಂಬ ಲೆಕ್ಕವೇ ಮುಳುಗಿಸುವುದು. ಈಗಾಗಲೇ ಹಾಕಿದ ಹಣ ಮುಂದಿನ ತೀರ್ಮಾನಕ್ಕೆ ಕಾರಣವಾಗಬಾರದು.

ಬಿಡಬೇಕಾದ ಸಂದರ್ಭಗಳನ್ನು ಕೊಳ್ಳುವ ದಿನವೇ ಬರೆದಿಡುವುದು ಒಳ್ಳೆಯದು. ಮಾಲೀಕತ್ವದಲ್ಲೇ ದೋಷವಿದೆ ಎಂದು ಗೊತ್ತಾದರೆ ಒಂದು ದಿನವೂ ಕಾಯಬಾರದು, ವಕೀಲರನ್ನು ಕಾಣಬೇಕು. ಕ್ರಯದ ಕರಾರು ಮಾಡಿಕೊಂಡು ಮಾರುವವರು ನೋಂದಣಿಗೆ ಸತಾಯಿಸುತ್ತಿದ್ದರೆ ಕೋರ್ಟಿಗೆ ಹೋಗಲು ಸಾಮಾನ್ಯವಾಗಿ ಮೂರೇ ವರ್ಷದ ಅವಧಿ, ಅದನ್ನು ಮೀರಿಸಬಾರದು. ನಂಬಿದ ಯೋಜನೆಯ ಮಾರ್ಗವೇ ಬದಲಾದರೆ, ನೆಲ ನಿಮಗೆ ಬೇರೆ ಯಾವುದಕ್ಕೂ ಒದಗದಿದ್ದರೆ, ಸ್ವಲ್ಪ ನಷ್ಟಕ್ಕಾದರೂ ಬಿಟ್ಟು ಹೊರಬರಬೇಕು.

ಮಾರುವುದು, ಕಾಯುವುದು ಎಂಬ ಎರಡೇ ದಾರಿ ಇರುವುದೂ ಅಲ್ಲ. ಹಿರಿಯೂರಿಗೆ ದೂರವಲ್ಲದ ಪಾವಗಡದಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕಿಗೆ ರೈತರು ಸುಮಾರು 13 ಸಾವಿರ ಎಕರೆ ಕೊಟ್ಟರು. ಮಾರಲಿಲ್ಲ, 28 ವರ್ಷದ ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ ಎರಡು ವರ್ಷಕ್ಕೊಮ್ಮೆ ಶೇ 5 ಏರುವ ಕರಾರು ಅದು. ಮಳೆ ನಂಬಿ ಸೋತಿದ್ದ ಖುಷ್ಕಿ ನೆಲದ ಮಾಲೀಕತ್ವ ಅವರ ಕೈಯಲ್ಲೇ ಉಳಿಯಿತು. ನೆಲವಿಲ್ಲದೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಕೆಲಸ ಹೋಯಿತು ಎಂಬುದನ್ನೂ ಮರೆಯಬಾರದು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ, ಬಯಲಿಗೆ ಸೌರ ಫಲಕಗಳು ಬರುತ್ತಿವೆ. ಗುತ್ತಿಗೆಯ ಕಾಗದ ಬಂದಾಗ ಅವಧಿ ಎಷ್ಟು, ಬಾಡಿಗೆ ಏರಿಕೆ ಎಷ್ಟು, ಅವಧಿ ಮುಗಿದ ಮೇಲೆ ಕಂಬ, ಕಾಂಕ್ರೀಟು ತೆಗೆಯುವವರು ಯಾರು, ಆ ನೆಲದ ಮೇಲೆ ಕಂಪನಿ ಸಾಲ ತೆಗೆಯಬಹುದೇ ಎಂಬ ನಾಲ್ಕು ಪ್ರಶ್ನೆಗೆ ಬರವಣಿಗೆಯಲ್ಲಿ ಉತ್ತರ ಸಿಗುವವರೆಗೆ ಸಹಿ ಹಾಕಬಾರದು.

ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು 2020ರಲ್ಲಿ ತೆಗೆದ ಮೇಲೆ ಕೃಷಿಕರಲ್ಲದವರೂ ಈ ತಾಲ್ಲೂಕುಗಳಲ್ಲಿ ಹೊಲ ಕೊಳ್ಳಬಹುದಾಗಿದೆ. ಪೇಟೆಯ ಹಣಕ್ಕೆ ಅವಸರವಿಲ್ಲ, ಹಳ್ಳಿಯ ಕಷ್ಟಕ್ಕೆ ಅವಸರವಿದೆ. ಆದ್ದರಿಂದ ಮಾರುವ ರೈತರಿಗೂ ಇದೇ ಮಾತು ಹೇಳಬೇಕು. ದಾಖಲೆ ಸರಿಯಿಲ್ಲದ ಜಮೀನಿಗೆ ಕೊಳ್ಳುವವರು ದರ ಮುರಿಯುತ್ತಾರೆ. ತಾತನ ಹೆಸರಿನಲ್ಲೇ ಉಳಿದ ಪಹಣಿಯನ್ನು ಪೌತಿ ಖಾತೆ ಮಾಡಿಸಿ, ಅಣ್ಣ ತಮ್ಮ ಅಕ್ಕ ತಂಗಿಯರ ಪಾಲು ನೋಂದಾಯಿಸಿ, ಪೋಡಿ ಮುಗಿಸಿಟ್ಟುಕೊಂಡ ಕುಟುಂಬ ಮಾರುವ ಅನಿವಾರ್ಯ ಬಂದರೂ ತಲೆಯೆತ್ತಿ ದರ ಕೇಳಬಹುದು. ಮಾರದೆ ಉಳಿಸಿಕೊಂಡರೆ ಬ್ಯಾಂಕಿನ ಸಾಲ, ಬೆಳೆ ಪರಿಹಾರ, ಸ್ವಾಧೀನದ ಹಣ ಎಲ್ಲವೂ ನೇರವಾಗಿ ಬರುತ್ತವೆ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಲ್ಲಿ ನೆಲದ ಮೇಲೆ ಹಣ ಹಾಕಲು ಹೊರಟವರು ಒಂದು ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಿಕೊಳ್ಳಲಿ: ನಾಲೆ ಬಾರದಿದ್ದರೂ, ರೈಲು ಇನ್ನೂ ಹತ್ತು ವರ್ಷ ತಡವಾದರೂ ಈ ನೆಲ ನನಗೆ ಬೇಕೇ? ಹೌದು ಎಂದಾದರೆ ಧೈರ್ಯವಾಗಿ ಕೊಳ್ಳಿ, ಕೊಂಡದ್ದನ್ನು ವರ್ಷ ವರ್ಷವೂ ನೋಡಿಕೊಳ್ಳಿ. ಅಲ್ಲ ಎಂದಾದರೆ ಎಷ್ಟೇ ಬಣ್ಣದ ಬ್ರೋಷರ್ ತೋರಿಸಿದರೂ ಬೇಡ ಎನ್ನಿ. ಈಗಾಗಲೇ ಕೊಂಡಿರುವವರು, ಅಪ್ಪ ತಾತಂದಿರ ನೆಲ ಇರುವವರು ಈ ತಿಂಗಳೇ ಒಂದು ಕೆಲಸ ಮಾಡಿ. ಪಹಣಿಯನ್ನೂ ಋಣಭಾರ ಪತ್ರವನ್ನೂ ತೆಗೆದು, ಕೈಯಲ್ಲಿ ಹಿಡಿದು, ನಿಮ್ಮ ನೆಲದ ನಾಲ್ಕೂ ಗಡಿ ಸುತ್ತಿ ಬನ್ನಿ. ಕಾಗದದಲ್ಲಿರುವುದಕ್ಕೂ ಕಣ್ಣಿಗೆ ಕಾಣುವುದಕ್ಕೂ ಎಲ್ಲಿ ತಾಳೆಯಾಗುವುದಿಲ್ಲವೋ ಅಲ್ಲಿಂದ ನಿಮ್ಮ ಕೆಲಸ ಶುರುವಾಗಲಿ.